ಅರ್ಧ ಮಾತ್ರೆ

ಹೋದ ತಿಂಗಳು ಡೊಂಬಿವಲಿಯ ಒಂದು ಸಣ್ಣ ಹಾಲ್‌ನಲ್ಲಿ ಲ್ಯಾಬಿನಲ್ಲಿ ನನಗೆ ಕೆಲಸ ಕಲಿಸಿದ ಹಿರಿಯರೊಬ್ಬರಿಗೆ ಶ್ರದ್ಧಾಂಜಲಿ ಸಭೆ ನಡೆಯಿತು. ಮಾತಾಡಿದವರೆಲ್ಲ ಒಳ್ಳೆಯವರೇ. ಒಬ್ಬರು ಅವರ ಶಿಸ್ತನ್ನು ಹೊಗಳಿದರು. ಇನ್ನೊಬ್ಬರು ಅವರ ಗಂಡನ ಹೋಟೆಲಿನ ನೀರುದೋಸೆಯನ್ನು ಹೊಗಳಿ ಕೂತರು. ಮೂರನೆಯವರು ನಮ್ಮ ಹಳೆಯ ಲ್ಯಾಬಿನಿಂದಲೇ ನಿವೃತ್ತರಾದ ಹೆಂಗಸು. ಮೈಕ್ ಹಿಡಿದು, ಕಣ್ಣೊರೆಸಿಕೊಂಡು, "ಪಾಪ, ತುಂಬಾ ಒಳ್ಳೆಯವರು. ಮನಸ್ಸು ಮಾತ್ರ ಸ್ವಲ್ಪ ವೀಕ್ ಇತ್ತು. ಅದಕ್ಕೇ ಗೋಲಿ-ಮಾತ್ರೆ ತಗೋತಿದ್ರು" ಅಂದರು. ಕೂತವರೆಲ್ಲ ಹೌದು ಹೌದು ಎಂದು ತಲೆಯಾಡಿಸಿದರು. ನನ್ನ ಮೈ ಉರಿದುಹೋಯಿತು.

ಉರಿಯಲು ಎರಡು ಕಾರಣವಿತ್ತು. ಒಂದು, ಆ ಮಾತು ಸುಳ್ಳು. ಇನ್ನೊಂದು, ಹನ್ನೊಂದು ವರ್ಷದ ಹಿಂದೆ ಆ ಸುಳ್ಳನ್ನು ಹುಟ್ಟಿಸಿದವಳು ನಾನೇ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ "ಓ, ಅವರಾ" ಎಂದು ಮತ್ತೊಬ್ಬರು ಅದೇ ಮಾತು ತೆಗೆಯುತ್ತಾರೆ. ನವಿಮುಂಬಯಿಯ ಔಷಧ ಕಾರ್ಖಾನೆಯೊಂದರ ಪರೀಕ್ಷಾ ಲ್ಯಾಬಿನಲ್ಲಿ ನಾವು ಕನ್ನಡದವರು ಅವರನ್ನು 'ಅಕ್ಕ' ಎನ್ನುತ್ತಿದ್ದೆವು. ರೈಲಿನ ಲೇಡೀಸ್ ಡಬ್ಬದವರು 'ಸ್ಲೋ ಆಂಟಿ' ಎನ್ನುತ್ತಿದ್ದರು. ಎರಡನೆಯ ಹೆಸರು ಅವರಿಗೆ ಗೊತ್ತಿತ್ತು, ಬೇಸರವೇನೂ ಇರಲಿಲ್ಲ.

ನಾನು ಆಗಷ್ಟೇ ಟ್ರೇನಿಯಾಗಿ ಸೇರಿದ್ದೆ. ಮನೆ ಕಲ್ಯಾಣದಲ್ಲಿ. ಬೆಳಿಗ್ಗೆ ಥಾಣೆಗೆ ಹೋಗಿ ಅಲ್ಲಿಂದ ವಾಶಿಯ ಕಡೆಯ ರೈಲು ಹಿಡಿಯಬೇಕು. ಬುದ್ಧಿಯಿದ್ದವರೆಲ್ಲ ಥಾಣೆಯವರೆಗೆ ಫಾಸ್ಟ್ ಲೋಕಲ್‌ಗೆ ನುಗ್ಗುತ್ತಾರೆ. ಒಂದು ದಿನ ಫಾಸ್ಟ್ ತಪ್ಪಿ ಸ್ಲೋ ಹತ್ತಿದಾಗ, ಡೊಂಬಿವಲಿಯಲ್ಲಿ ಅಕ್ಕ ಹತ್ತಿ ನನ್ನೆದುರು ಕೂತರು. ದಿನಾ ಇದರಲ್ಲೇ ಬರುತ್ತಾರೆಂದು ಕೇಳಿ ನಾನು ಹಿಂದಿಯಲ್ಲಿ, "ಫಾಸ್ಟ್ ಕ್ಯೂಂ ನಹೀ ಲೇತೇ?" ಎಂದೆ. ಇಲ್ಲಿಯೇ ಹುಟ್ಟಿದವಳು ನಾನು. ಕನ್ನಡ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿದ್ದದ್ದು ಹಿಂದಿ.

"ಮೊದಲು ಕನ್ನಡದಲ್ಲಿ ಕೇಳು, ಆಮೇಲೆ ಹೇಳ್ತೇನೆ" ಎಂದರು.

ಫಾಸ್ಟ್ ಯಾಕೆ ಹಿಡಿಯುವುದಿಲ್ಲ ಎಂದು ತಡವರಿಸುತ್ತ ಕೇಳಿದೆ.

"ಫಾಸ್ಟಲ್ಲಿ ಡೊಂಬಿವಲಿ ಬಿಟ್ರೆ ಮತ್ತೆ ಥಾಣೆಯೇ ಮಾರಾಯ್ತಿ. ನಡುವಲ್ಲಿ ಹೊಟ್ಟೆ ಕರೆದ್ರೆ ಎಂತ ಮಾಡುದು? ಲೋಕಲಲ್ಲಿ ಕಕ್ಕಸು ಉಂಟಾ? ಇಲ್ಲ. ಸ್ಲೋದಲ್ಲಾದ್ರೆ ಕೋಪರ್ ಉಂಟು, ದಿವಾ ಉಂಟು, ಮುಂಬ್ರಾ ಉಂಟು, ಕಳವಾ ಉಂಟು. ನಾಲ್ಕು ಸಲ ಬಾಗಿಲು ಸಿಗ್ತದೆ."

ಇಷ್ಟನ್ನೂ ಅವರು ಡಬ್ಬಕ್ಕೆಲ್ಲ ಕೇಳುವಂತೆಯೇ ಹೇಳಿದರು. ಅಕ್ಕಪಕ್ಕದವರು ಕಿಟಕಿಯ ಕಡೆ ಮುಖ ತಿರುಗಿಸಿದರು. ನಾನು ನಾಚಿಕೊಂಡು ಬ್ಯಾಗಿನ ಜಿಪ್ ಎಳೆಯುತ್ತ ಕೂತೆ. ಅಕ್ಕ ಮಾತ್ರ ದನಿ ಇಳಿಸಲಿಲ್ಲ. ತಲೆನೋವನ್ನು ಎಲ್ಲರೆದುರು ಹೇಳುವ ಜನ ಹೊಟ್ಟೆಯನ್ನು ಯಾಕೆ ಪಿಸುಗುಟ್ಟಬೇಕು ಎಂಬುದು ಅವರ ತಗಾದೆ.

ಯಾವ ಸ್ಟೇಷನ್‌ನಲ್ಲಿ ಯಾವ ಪ್ಲಾಟ್‌ಫಾರಮ್ಮಿನ ಯಾವ ತುದಿಗೆ ಓಡಬೇಕು ಎಂಬುದು ಅವರಿಗೆ ಬಾಯಿಪಾಠ. ಒಂದು ಸ್ಟೇಷನ್‌ನಲ್ಲಿ, ಯಾವುದೆಂದು ಹೇಳುವುದಿಲ್ಲ, ಹೆಂಗಸರ ಕಕ್ಕಸಿಗೆ ಬೀಗ ಬಿದ್ದಿತ್ತಂತೆ. ಇವರು ನೇರ ಅಧಿಕಾರಿಯ ಕೋಣೆಗೆ ಹೋದರು. ಆ ಅಧಿಕಾರಿ ಚಾವಿ ಯಾರ ಹತ್ತಿರ ಇದೆಯೆಂದು ಫೋನಿನಲ್ಲಿ ವಿಚಾರಿಸುತ್ತಲೇ ಇದ್ದರು. ಅಕ್ಕ, "ಎರಡು ನಿಮಿಷ ಉಂಟು ನನ್ನ ಹತ್ರ. ಚಾವಿ ಬರ್ಲಿಕ್ಕಿಲ್ಲ ಅಂತಾದ್ರೆ ನಿಮ್ಮ ಕುರ್ಚಿ ಬಿಡಿ, ಇಲ್ಲೇ ಕೂತ್ಕೊಳ್ತೇನೆ" ಎಂದರಂತೆ. ಚಾವಿ ಒಂದೇ ನಿಮಿಷದಲ್ಲಿ ಬಂತು. ಇದನ್ನು ಹೇಳುವಾಗ ಅವರು ನಗುತ್ತಿರಲಿಲ್ಲ, ನಾವು ನಗುತ್ತಿದ್ದೆವು.

ಅವರ ಕಾಯಿಲೆಗೆ ಇರಿಟಬಲ್ ಬವೆಲ್ ಸಿಂಡ್ರೋಮ್ ಎಂದು ಹೆಸರು. ಅದಕ್ಕೆ ಹೆಸರು ಸಿಗುವ ಹೊತ್ತಿಗೆ ಅವರು ಎಷ್ಟೋ ವರ್ಷ ಡಾಕ್ಟರರಿಂದ ಡಾಕ್ಟರರಿಗೆ ಅಲೆದಿದ್ದರು. ರಕ್ತ ನಾರ್ಮಲ್, ಸ್ಕ್ಯಾನ್ ನಾರ್ಮಲ್, ಕೊಳವೆ ಇಳಿಸಿ ನೋಡಿದರೂ ನಾರ್ಮಲ್. ಪ್ರತಿ ಸಲವೂ ಕೊನೆಗೆ ಅದೇ ಉಪದೇಶ: ಟೆನ್ಶನ್ ತಗೋಬೇಡಿ. "ಮೆಷಿನ್‌ಗೆ ಕಾಣ್ಲಿಲ್ಲ ಅಂದ್ರೆ ಇಲ್ಲ ಅಂತಲ್ಲ" ಎನ್ನುತ್ತಿದ್ದರು. "ಆ ಮೆಷಿನ್ ಅದನ್ನು ಅಳೀಲಿಕ್ಕೆ ಮಾಡಿದ್ದಲ್ಲ, ಅಷ್ಟೆ. ನಮ್ಮ ಲ್ಯಾಬಲ್ಲಿ ತಕ್ಕಡಿ ಇಟ್ಟುಕೊಂಡು ಬಣ್ಣ ಅಳೀತೇವಾ?"

ಹೋಟೆಲಿನ ಕತೆಯನ್ನು ಹೇಳದೆ ಇವರ ಚಿತ್ರ ಬಿಡಿಸಲಾಗದು. ಗಂಡನ ಮನೆಯವರು ಉಡುಪಿಯವರು. ಡೊಂಬಿವಲಿ ಸ್ಟೇಷನ್ನಿನ ಹತ್ತಿರ ಅವರ ಶಾಕಾಹಾರಿ ಹೋಟೆಲು. ಆ ಸಾಂಬಾರಿಗಾಗಿ ಜನ ಸಾಲು ನಿಲ್ಲುತ್ತಿದ್ದರು, ಮನೆಯ ಸೊಸೆಗೆ ಮಾತ್ರ ಅದು ಆಗುತ್ತಿರಲಿಲ್ಲ. ಈರುಳ್ಳಿ, ಬೆಳ್ಳುಳ್ಳಿ, ಬೇಳೆ, ಮೈದಾ, ಹಾಲು ಯಾವುದನ್ನು ಮುಟ್ಟಿದರೂ ಕರುಳು ಹಿಂಡುತ್ತಿತ್ತು. ಭಾನುವಾರ ಹೋಟೆಲಿಗೆ ಹೋದರೆ ಅವರಿಗೆ ಗಂಜಿ, ಸೌತೆಕಾಯಿ ಪಲ್ಯ. ಮಾವ, "ಒಳಗೆ ಅಡಿಗೆಮನೆಯಲ್ಲಿ ಕೂತು ಉಣ್ಣು ಮಗಾ. ಮಾಲೀಕರ ಮನೆಯವರೇ ಗಂಜಿ ಕುಡಿಯುದು ಗಿರಾಕಿಗಳಿಗೆ ಕಂಡ್ರೆ ಎಂತ ಗ್ರಹಿಸುದಿಲ್ಲ?" ಎಂದರು. ಅಕ್ಕ ಬಟ್ಟಲು ತಂದು ಬಾಗಿಲ ಪಕ್ಕದ ಮೊದಲ ಟೇಬಲ್ಲಿನಲ್ಲೇ ಇಟ್ಟುಕೊಂಡು ಕೂತರು. ಒಂದು ತಿಂಗಳಾಗುವಷ್ಟರಲ್ಲಿ ಇಬ್ಬರು ಮೂವರು ಗಿರಾಕಿಗಳು ಬಂದು, "ಹಮಕೋ ಭೀ ವೋ ಗಂಜಿ ಚಾಹಿಯೇ" ಎಂದು ಕೇಳಿದರಂತೆ. ಈಗಲೂ ಆ ಹೋಟೆಲಿನ ಹಲಗೆಯಲ್ಲಿ ಭಾನುವಾರದ ಗಂಜಿ ಇದೆ, ಹೋಗಿ ನೋಡಬಹುದು.

ಲ್ಯಾಬಿನಲ್ಲಿ ಅವರ ಕೆಲಸ ಮಾತ್ರೆಗಳ ಪರೀಕ್ಷೆ. ಪ್ರತಿ ಬ್ಯಾಚಿನಿಂದ ಕೆಲವು ಮಾತ್ರೆ ತೆಗೆದು, ಎಷ್ಟು ಹೊತ್ತಿನಲ್ಲಿ ಕರಗುತ್ತದೆ, ಔಷಧ ಎಷ್ಟಿದೆ ಎಂದು ನೋಡಿ ಸಹಿ ಹಾಕಬೇಕು. ಅವರ ಸಹಿಯಿಲ್ಲದೆ ಬ್ಯಾಚು ಹೊರಗೆ ಹೋಗುವ ಹಾಗಿಲ್ಲ. ಕೆಲಸದ ನಡುವೆ ಹೊರಗೆ ಹೋಗುವವರು ರಿಜಿಸ್ಟರಿನಲ್ಲಿ ಕಾರಣ ಬರೆಯಬೇಕಿತ್ತು. ನಾವೆಲ್ಲ ಇಂಗ್ಲಿಷಿನಲ್ಲಿ 'ಪರ್ಸನಲ್' ಎಂದು ಬರೆಯುತ್ತಿದ್ದೆವು. ಅಕ್ಕ ಒಬ್ಬರೇ ದಪ್ಪ ಅಕ್ಷರದಲ್ಲಿ 'ಸ್ಟಮಕ್' ಎಂದು ಬರೆಯುತ್ತಿದ್ದರು. ಒಂದೇ ಪುಟದಲ್ಲಿ ಮೂರು ಸಲ ಬರೆದದ್ದೂ ಉಂಟು.

ಇನ್ನು ನನ್ನ ಪಾಪದ ಕತೆ.

ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಅವರು ಊಟದ ನಡುವೆ ಎದ್ದು ಹೋದರು. ಡಬ್ಬಿಯ ಪಕ್ಕ ಒಂದು ಸಣ್ಣ ಸ್ಟೀಲ್ ಕರಡಿಗೆ ತೆರೆದೇ ಇತ್ತು. ಅದರಲ್ಲಿ ಹಳದಿ ಬಣ್ಣದ ಅರ್ಧ ಮಾತ್ರೆ. ಬೇರೆ ಯಾವ ಆಫೀಸಿನಲ್ಲಾದರೂ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ, ಮಾತ್ರೆ ಎಂದರೆ ಮಾತ್ರೆ. ಆದರೆ ನಾವು ಮಾತ್ರೆಯ ಜನ. ಆ ಬಣ್ಣ, ಆ ಅಂಚು, ಮುರಿದ ಅರ್ಧದ ಮೇಲೆ ಉಳಿದಿದ್ದ ಎರಡು ಅಕ್ಷರ ಸಾಕಾಯಿತು. ಅದೇ ವಾರ ನಾನೇ ಆ ಮಾತ್ರೆಗಳನ್ನು ನೀರಿನಲ್ಲಿ ಕರಗಿಸಿ ಗಡಿಯಾರ ನೋಡುತ್ತ ಕೂತಿದ್ದೆ. ಅದು ನಮ್ಮ ಕಂಪನಿಯದೇ ಮಾತ್ರೆ. ಪೆಟ್ಟಿಗೆಯ ಮೇಲೆ 'ಖಿನ್ನತೆಗೆ' ಎಂದು ಅಚ್ಚಾಗುವ ಮಾತ್ರೆ.

ಗುರುತು ಹಿಡಿದೆನೆಂಬ ಜಂಬ ನನಗೆ. ಪಕ್ಕದಲ್ಲಿ ಕೂತಿದ್ದ ಸೀನಿಯರ್ ಹೆಂಗಸಿಗೆ, ಹೌದು, ಸಭೆಯಲ್ಲಿ ಮೈಕ್ ಹಿಡಿದವರೇ ಅವರು, ಬಗ್ಗಿ ಹೇಳಿದೆ: "ಅಕ್ಕ ಡಿಪ್ರೆಶನ್ ಗೋಲಿ ತಗೋತಾರೆ." ಮಧ್ಯಾಹ್ನದ ಚಹಾದ ಹೊತ್ತಿಗೆ ಇಡೀ ಮಹಡಿಗೆ ಗೊತ್ತಾಗಿತ್ತು. ಪದೇ ಪದೇ ಎದ್ದು ಹೋಗುವುದಕ್ಕೂ, ಸ್ಲೋ ಲೋಕಲಿಗೂ, ಗಂಜಿಗೂ ಎಲ್ಲದಕ್ಕೂ ಜನ ಒಂದೇ ಕಾರಣ ಕಂಡುಹಿಡಿದುಬಿಟ್ಟರು.

ಎರಡು ದಿನ ಬಿಟ್ಟು ಲ್ಯಾಬಿನ ಮುಖ್ಯಸ್ಥರು ಅವರನ್ನು ಕ್ಯಾಬಿನಿಗೆ ಕರೆದರು. ಮುಖ್ಯಸ್ಥರು ಮರಾಠಿಯವರು, ಕೆಟ್ಟ ಮನುಷ್ಯರಲ್ಲ, ಹೆದರುಪುಕ್ಕಲು. ಸ್ವಲ್ಪ ಹೊತ್ತಿಗೆ ಅಕ್ಕ ಗಾಜಿನ ಬಾಗಿಲು ತೆರೆದು, ತಮ್ಮ ನಾಲ್ಕು ತಿಂಗಳ ನೋಟ್‌ಬುಕ್ ತೆಗೆದುಕೊಂಡು ಬಾ ಎಂದು ನನ್ನನ್ನೇ ಕರೆದರು. ಹೊತ್ತುಕೊಂಡು ಹೋದೆ. ನಿಲ್ಲು ಎಂದರು, ನಿಂತೆ. ಮಾತು ನಡೆದದ್ದು ಹಿಂದಿಯಲ್ಲಿ. ಅಕ್ಕನ ಹಿಂದಿ ಕನ್ನಡದ ಹಾಗೇ ಕೇಳಿಸುತ್ತಿದ್ದುದರಿಂದ ಕನ್ನಡದಲ್ಲೇ ಬರೆಯುತ್ತೇನೆ.

"ಮ್ಯಾಡಮ್, ತಪ್ಪು ತಿಳ್ಕೋಬೇಡಿ," ಮುಖ್ಯಸ್ಥರು ಶುರುಮಾಡಿದರು. ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ, ಲೇಬಲ್ ರೂಮಿನಲ್ಲಿ ಕೆಲಸ ಹಗುರ, ಸಹಿಯ ಜವಾಬ್ದಾರಿ ಇರುವುದಿಲ್ಲ, ಮನಸ್ಸಿಗೂ ನೆಮ್ಮದಿ. ಸಹಿ ಕಿತ್ತುಕೊಳ್ಳುವುದನ್ನು ಅವರು ಹಾಗೆ ಸಕ್ಕರೆ ಹಚ್ಚಿ ಹೇಳಿದರು. ಇಪ್ಪತ್ತು ವರ್ಷ ಆ ಸಹಿಗಾಗಿಯೇ ಸ್ಲೋ ಲೋಕಲ್ ಹತ್ತಿದ ಹೆಂಗಸಿಗೆ ಇದಕ್ಕಿಂತ ದೊಡ್ಡ ಹೊಡೆತ ಇರಲಿಲ್ಲ.

"ಯಾರು ಹೇಳಿದ್ದು ನನ್ನ ಮನಸ್ಸಿಗೆ ನೆಮ್ಮದಿ ಇಲ್ಲ ಅಂತ?" ಅಕ್ಕ ಕೇಳಿದರು. ನಾನು ನೆಲ ನೋಡಿದೆ.

"ಆ ಮಾತ್ರೆ ತಿಂದರೆ ಮಂಪರು ಬರುತ್ತೆ ಅಂತಾರೆ..."

"ನಾಲ್ಕು ತಿಂಗಳಿಂದ ತಗೊಳ್ತಾ ಇದ್ದೇನೆ. ಇದು ಆ ನಾಲ್ಕು ತಿಂಗಳ ಪುಸ್ತಕ. ಒಂದು ತಪ್ಪು ರೀಡಿಂಗ್ ತೋರಿಸಿ." ಪುಸ್ತಕಗಳನ್ನು ಮೇಜಿನ ಮೇಲೆ ಅವರ ಕಡೆ ತಿರುಗಿಸಿ ಇಟ್ಟರು. ಮುಖ್ಯಸ್ಥರು ಮುಟ್ಟಲಿಲ್ಲ. ಅಕ್ಕ ಮುಂದುವರಿಸಿದರು.

"ಈ ಮಾತ್ರೆ ಕೆಲಸ ಮಾಡುದು ಸೆರೊಟೋನಿನ್ ಅನ್ನುವ ರಾಸಾಯನಿಕದ ಮೇಲೆ. ಸೆರೊಟೋನಿನ್ ಅಂದ್ರೆ ತಲೆ ಅಂತ ನೀವೆಲ್ಲ ಗ್ರಹಿಸಿದ್ದೀರಿ. ತಲೆಯಲ್ಲಿರುದು ಸ್ವಲ್ಪ. ಬಹುಪಾಲು ತಯಾರಾಗುದು ಕರುಳಿನ ಗೋಡೆಯಲ್ಲಿ. ಅದು ಕಾಲಿಂಗ್ ಬೆಲ್ ಇದ್ದ ಹಾಗೆ. ಊಟ ಬಂತು ಅಂತ ಬೆಲ್ ಒತ್ತುದು, ಕರುಳು ಅಲುಗುದು, ಬೆರಳು ತೆಗೀಬೇಕು. ನನ್ನಂಥ ಕೆಲವರಿಗೆ ಬೆರಳು ಬೇಗ ಏಳುದಿಲ್ಲ, ಇಲ್ಲಾಂದ್ರೆ ಒಳಗಿನ ನರದ ಕಿವಿಯೇ ಚುರುಕು. ನಿಮಗೆ ಗೊತ್ತೇ ಆಗದ ಗಾಳಿ ನನಗೆ ಚೂರಿ ಹಾಕಿದ ಹಾಗೆ ಆಗ್ತದೆ. ಥಾಣೆಯ ಡಾಕ್ಟರು ಆ ಕಿವಿಗಾಗಿ ಈ ಮಾತ್ರೆ ಕೊಟ್ಟದ್ದು. ಅರ್ಧ ಮಾತ್ರ. ತಲೆಗಾದ್ರೆ ಇಡೀ ಮಾತ್ರೆ ಬೇಕು."

ಮುಖ್ಯಸ್ಥರು, ಹಾಗಾದರೆ ತಲೆಗಲ್ಲವಲ್ಲ, ಅದನ್ನೇ ಎಲ್ಲರಿಗೂ ಹೇಳಿಬಿಡೋಣ ಎಂದರು. ಅವರಿಗೆ ದಾರಿ ಸಿಕ್ಕಿದ ಸಮಾಧಾನ.

"ತಲೆಗೇ ತಗೊಂಡ್ರೂ ನಿಮಗೆಂತ?" ಅಕ್ಕನ ದನಿ ಏರಿತು. "ತಲೆಗೆ ತಗೊಳ್ಳುವವರು ಕಳ್ಳರಾ? ಒಂದು ಕೆಲಸ ಮಾಡಿ. ಲೆಟರ್‌ಹೆಡ್ ಮೇಲೆ ಬರೆದು ಕೊಡಿ. ನಮ್ಮ ಕಂಪನಿ ಮಾಡುವ ಈ ಮಾತ್ರೆ ತಿನ್ನುವವರು ಜವಾಬ್ದಾರಿಯ ಕೆಲಸಕ್ಕೆ ಯೋಗ್ಯರಲ್ಲ ಅಂತ. ಕೆಳಗೆ ನಿಮ್ಮ ಸಹಿ. ನಾನದನ್ನು ಗೇಟಿಗೆ ಅಂಟಿಸಿ ಲೇಬಲ್ ರೂಮಿಗೆ ಹೋಗ್ತೇನೆ. ಹಾಂ, ಮತ್ತೆ ಆ ಮಾತ್ರೆಯ ಬ್ಯಾಚುಗಳ ಮೇಲೆಲ್ಲ ನನ್ನ ಸಹಿ ಉಂಟು. ನಾನು ಸರಿ ಇಲ್ಲ ಅಂತಾದ್ರೆ ಅದೂ ಸರಿ ಇಲ್ಲ. ಎಲ್ಲ ವಾಪಸ್ ತರಿಸಿ."

ಮುಖ್ಯಸ್ಥರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. ಆ ಕಾಗದ ಆ ದಿನ ಬರಲಿಲ್ಲ, ಮರುದಿನವೂ ಬರಲಿಲ್ಲ, ಎಂದೂ ಬರಲಿಲ್ಲ. ನಿವೃತ್ತಿಯ ದಿನ ಸಂಜೆಯವರೆಗೂ ಅಕ್ಕ ಸಹಿ ಹಾಕಿದರು. ಆದರೆ ಪೂರ್ತಿ ಗೆದ್ದರೆಂದು ಹೇಳಿದರೆ ನಾನೂ ಸಕ್ಕರೆ ಹಚ್ಚಿದಂತಾಗುತ್ತದೆ. ಅವರಿಗೆ ಬರಬೇಕಿದ್ದ ಬಡ್ತಿ ಅವರಿಗಿಂತ ಕಿರಿಯರಿಗೆ ಹೋಯಿತು, ಯಾಕೆಂದು ಯಾರೂ ಬಾಯಿಬಿಡಲಿಲ್ಲ. "ಅನ್ಯಾಯ" ಎಂದು ಅಕ್ಕ ಎಲ್ಲರೆದುರೇ ಹೇಳಿದರು, ಹೇಳಿ ತಕ್ಕಡಿಯ ಮುಂದೆ ಕೂತರು.

ಕ್ಯಾಬಿನಿನಿಂದ ಬಂದ ಮರುದಿನ ಅವರು ಕ್ಯಾಂಟೀನಿನ ಮೂಲೆಯ ಟೇಬಲ್ ಬಿಟ್ಟು ನಡುವಿನ ಟೇಬಲ್ಲಿಗೆ ಬಂದರು. ಊಟ ಮುಗಿಸಿ, ಅರ್ಧ ಮಾತ್ರೆಯನ್ನು ಡಬ್ಬಿಯ ಮುಚ್ಚಳದ ಮೇಲಿಟ್ಟು, "ನೋಡಿ, ಇದೇ ಅದು. ಯಾರಿಗಾದ್ರೂ ಡೌಟ್ ಉಂಟಾ?" ಎಂದರು. ನೀರು ಕುಡಿದು ನುಂಗಿದರು. ಕೆಲವು ತಿಂಗಳ ಮೇಲೆ ಪ್ಯಾಕಿಂಗ್‌ನ ಒಬ್ಬ ಹುಡುಗಿ ಅವರ ಹತ್ತಿರ ಬಂದು ತನ್ನ ಹೊಟ್ಟೆಯ ಕತೆ ಹೇಳಿದಳು. ಆಮೇಲೆ ಇನ್ನೊಬ್ಬಳು.

ಮಾತ್ರೆಯ ಸುದ್ದಿ ಹಬ್ಬಿಸಿದ್ದು ನಾನೆಂದು ಅಕ್ಕನಿಗೆ ಹೇಳಲು ನನಗೆ ಒಂದು ವಾರ ಬೇಕಾಯಿತು. ಸಂಜೆ ವಾಪಸ್ ಬರುವಾಗ, ಸ್ಲೋದಲ್ಲಿ, ಕಳವಾ ದಾಟಿದ ಮೇಲೆ ಹೇಳಿದೆ. ಮುಂಬ್ರಾ ಬಂತು, ಹೋಯಿತು. ದಿವಾ ಬಂದಾಗ ಅಕ್ಕ ಎದ್ದು "ಇಳಿ" ಎಂದರು. ಗಾಬರಿಯಾಗಿ ಇಳಿದೆ. ನನ್ನನ್ನು ಬೆಂಚಿನ ಮೇಲೆ ಕೂರಿಸಿ ಸರಸರ ಪ್ಲಾಟ್‌ಫಾರಮ್ಮಿನ ತುದಿಗೆ ಹೋದರು. ಹತ್ತು ನಿಮಿಷದ ಮೇಲೆ ಮುಖ ತೊಳೆದುಕೊಂಡು ಬಂದರು.

"ನಿನ್ನ ಮೇಲೆ ಸಿಟ್ಟು ಬಂದದ್ದು ನನಗಿಂತ ಮೊದಲು ಹೊಟ್ಟೆಗೆ ಗೊತ್ತಾಯ್ತು" ಎಂದರು. "ತಲೆಗೂ ಹೊಟ್ಟೆಗೂ ತಂತಿ ಇಲ್ಲ ಅಂತ ನಾನು ಹೇಳುದಿಲ್ಲ. ಉಂಟು, ಎರಡೂ ಕಡೆಯಿಂದ ಉಂಟು. ಅದಕ್ಕೆ ನೋವು ಸುಳ್ಳಾಗುದಿಲ್ಲ."

ನಾನು ಅಳುತ್ತಿದ್ದೆ. ಏನಾದರೂ ಕೇಳಬೇಕೆಂದು, ಆ ಮಾತ್ರೆ ಸೆರೊಟೋನಿನ್ನನ್ನು ಇನ್ನಷ್ಟು ಹೊತ್ತು ಉಳಿಸುವುದಲ್ಲವೇ, ಹಾಗಾದರೆ ಬೆಲ್ ಇನ್ನೂ ಜೋರಾಗಬೇಕಲ್ಲ ಎಂದೆ. ಅವರ ಮುಖ ಸಡಿಲವಾಯಿತು. "ಹಾಂ, ಇದು ಕೇಳಬೇಕಾದ ಪ್ರಶ್ನೆ. ದಿನಾ ಕೇಳಿ ಕೇಳಿ ನರಕ್ಕೆ ರೂಢಿಯಾಗಬಹುದು ಅಂತಾರೆ ಡಾಕ್ಟರು. ಪೂರ್ತಿ ಗೊತ್ತಿಲ್ಲ ಅಂತಾನೂ ಹೇಳ್ತಾರೆ. ಎಲ್ಲರಿಗೂ ಇದು ಹಿಡಿಸುದಿಲ್ವಂತೆ. ಗೊತ್ತಿಲ್ಲ ಅಂದ ಡಾಕ್ಟರು ಅವರೊಬ್ಬರೇ, ಅದಕ್ಕೇ ನನಗೆ ಅವರ ಮೇಲೆ ನಂಬಿಕೆ."

ಆಮೇಲೆ ನನ್ನ ಕಡೆ ತಿರುಗಿದರು. "ಗುರುತು ಹಿಡಿದಿ, ಸರಿ. ಅರ್ಧ ಇದ್ದದ್ದು ಕಾಣ್ಲಿಲ್ವಾ?"

"ಕಂಡಿತ್ತು."

"ಹೇಳುವಾಗ ಅರ್ಧ ಅಂತ ಹೇಳಿದ್ಯಾ?"

"ಇಲ್ಲ."

"ಕಂಡದ್ದನ್ನು ಬಿಟ್ಟು ಬರೆದ್ರೆ ಲ್ಯಾಬಲ್ಲಿ ಎಂತ ಹೇಳ್ತಾರೆ?"

"ತಪ್ಪು ರಿಪೋರ್ಟ್."

"ತಪ್ಪು ರಿಪೋರ್ಟನ್ನು ತಿದ್ದುದು ಹೇಗೆ?"

ಅದನ್ನು ಅವರೇ ನನಗೆ ಮೊದಲ ದಿನ ಕಲಿಸಿದ್ದರು. ಅಳಿಸಬಾರದು, ಮಸಿ ಬಳಿಯಬಾರದು, ಹಾಳೆ ಹರಿಯಬಾರದು. ತಪ್ಪಿನ ಮೇಲೆ ಒಂದೇ ಗೆರೆ, ಕೆಳಗಿನ ತಪ್ಪು ಓದಲು ಬರಬೇಕು. ಪಕ್ಕದಲ್ಲಿ ಸರಿಯಾದದ್ದು. ಅದರ ಪಕ್ಕ ತಿದ್ದಿದವರ ಸಹಿ ಮತ್ತು ತಾರೀಖು. ಒಪ್ಪಿಸಿದೆ.

"ಹಾಗೇ ಮಾಡು. ನನ್ನ ಹತ್ರ ಅಲ್ಲ, ಯಾರ ಹತ್ರ ಹೇಳಿದ್ದಿಯೋ ಅವರ ಹತ್ರ" ಎಂದರು. ಅಷ್ಟರಲ್ಲಿ ಮುಂದಿನ ಸ್ಲೋ ಬಂತು.

ಮಾಡಲಿಲ್ಲ ನಾನು. ಮರುದಿನ ಆ ಸೀನಿಯರ್ ಹೆಂಗಸಿನ ಹತ್ತಿರ ಹೋದೆ, ಅವರು ಮಗಳ ಮದುವೆಯ ಸೀರೆಗಳ ಮಾತಾಡುತ್ತಿದ್ದರು, ಆಮೇಲೆ ಹೇಳೋಣವೆಂದು ಬಂದುಬಿಟ್ಟೆ. ಆ ಆಮೇಲೆ ಬರಲೇ ಇಲ್ಲ. ಅಕ್ಕ ನಿವೃತ್ತರಾಗುವ ದಿನ ಲ್ಯಾಬಿನ ಕೋಟು ಮಡಚಿಡುತ್ತ, "ತಿದ್ದಿದ್ಯಾ?" ಎಂದು ಕೇಳಿದರು. ಇಷ್ಟು ವರ್ಷ ನೆನಪಿಟ್ಟಿದ್ದರು. ನಾನು "ಹೌದಕ್ಕ" ಎಂದೆ. ಅವರು ನನ್ನ ಮುಖವನ್ನು ಒಂದು ಕ್ಷಣ ನೋಡಿ ಕೋಟನ್ನು ಕಪಾಟಿನಲ್ಲಿಟ್ಟರು.

ಅವರು ಹೋದದ್ದು ಹೃದಯ ನಿಂತು. ಹೊಟ್ಟೆ ಕೊನೆಯವರೆಗೂ ನೋಯಿಸಿತು, ಕೊಲ್ಲಲಿಲ್ಲ. ಬದುಕಿದ್ದರೆ ಅದನ್ನೂ ದೊಡ್ಡ ದನಿಯಲ್ಲಿ ಹೇಳುತ್ತಿದ್ದರು.

ಈಗ ಮತ್ತೆ ಆ ಹಾಲ್‌ಗೆ ಬರುತ್ತೇನೆ. ಆ ಹೆಂಗಸು ಮೈಕ್ ಇಟ್ಟು ಕೂತರು. ನನ್ನ ಹೆಸರು ಮಾತಾಡುವವರ ಪಟ್ಟಿಯಲ್ಲಿರಲಿಲ್ಲ. ಎದ್ದು ಹೋದೆ. ಆಯೋಜಕರು ಹೊತ್ತಾಯಿತೆಂದು ಕೈಸನ್ನೆ ಮಾಡಿದರು, ನಾನು ಮೈಕ್ ತೆಗೆದುಕೊಂಡೆ.

"ಈಗ ಇಲ್ಲಿ ಒಂದು ಮಾತು ಹೇಳಿದರು, ಇವರ ಮನಸ್ಸು ವೀಕ್ ಅಂತ. ಹೇಳಿದವರ ತಪ್ಪಲ್ಲ ಅದು. ಹನ್ನೊಂದು ವರ್ಷದ ಹಿಂದೆ ಅವರಿಗೆ ಅದನ್ನು ಹೇಳಿದವಳು ನಾನು. ಅಳಿಸಿ ಅಂತ ಕೇಳೋದಿಲ್ಲ, ನಾನು ಹಾಗೆ ಹೇಳಿದ್ದೆ ಅನ್ನೋದೂ ನಿಮಗೆ ನೆನಪಿರಲಿ. ಅದರ ಮೇಲೆ ಗೆರೆ ಎಳೀತಿದ್ದೇನೆ. ಸರಿಯಾದದ್ದು ಇದು: ಕಾಯಿಲೆ ಇದ್ದದ್ದು ಹೊಟ್ಟೆಯಲ್ಲಿ. ಮಾತ್ರೆ ಹೊಟ್ಟೆಗೆ. ಅರ್ಧ. ಮನಸ್ಸು ವೀಕ್ ಇದ್ದದ್ದು ನನ್ನದು."

ಮೊದಲ ಸಾಲಿನಲ್ಲಿ ಕೂತಿದ್ದ ಅವರ ಗಂಡ ತಲೆಯೆತ್ತಿ ನೋಡಿದರು. ಆ ಹೆಂಗಸು ಸೆರಗು ಹಿಂಡುತ್ತಿದ್ದರು. ಆಯೋಜಕರು ಮೈಕಿಗೆ ಕೈ ಚಾಚಿದರು. ಇನ್ನೂ ಮುಗಿದಿಲ್ಲ ಎಂದೆ. ನನ್ನ ಪೂರ್ತಿ ಹೆಸರು ಹೇಳಿದೆ, ಸಭೆ ನಡೆದ ಆ ದಿನದ ತಾರೀಖು ಹೇಳಿದೆ. ಈ ಸಲ ಹಾಲ್‌ನಲ್ಲಿ ಒಬ್ಬರೂ ತಲೆಯಾಡಿಸಲಿಲ್ಲ. ಮೈಕ್ ಕೊಟ್ಟು, ಸ್ಟೇಷನ್ನಿಗೆ ನಡೆದು, ಸ್ಲೋ ಹತ್ತಿದೆ.